ಮುರಿದ ಕೊಂಬೆಯ ಎಲೆಗಳು

ಅಪ್ಪ ನಿವೃತ್ತರಾದ ದಿನ ನಾನಾಡಿದ ಒಂದು ಮಾತು ಇಪ್ಪತ್ತು ವರ್ಷವಾದರೂ ನನ್ನ ಬೆನ್ನು ಬಿಟ್ಟಿಲ್ಲ. ಕಚೇರಿಯಲ್ಲಿ ಬೀಳ್ಕೊಡುಗೆ ಇತ್ತು. ಮೂವತ್ತೈದು ವರ್ಷ ಒಂದೇ ಲೆಕ್ಕಪತ್ರ ವಿಭಾಗದಲ್ಲಿ ಕೂತಿದ್ದ ಮನುಷ್ಯ, ಹಾಗಾಗಿ ತುಂಬಾ ಜನ ಸೇರಿದ್ದರು. ಮನೆಯವರ ಕಡೆಯಿಂದ ಯಾರಾದರೂ ಎರಡು ಮಾತಾಡಲಿ ಎಂದಾಗ ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. ನನಗಾಗ ಇಪ್ಪತ್ತೇಳು. ಬರೆಯುವ ಹುಚ್ಚು ಹತ್ತಿದ್ದ ಕಾಲ. ಹಿಂದಿನ ರಾತ್ರಿಯೇ ಕೂತು ಬರೆದು, ಗಟ್ಟಿಯಾಗಿ ಓದಿ ಓದಿ ನಯ ಮಾಡಿಕೊಂಡಿದ್ದೆ. ಬಾಲ್ಯ ವಸಂತ, ಹರೆಯ ಬೇಸಿಗೆ ಎಂದು ಶುರುಮಾಡಿ, "ಅಪ್ಪ ಈಗ ತಮ್ಮ ಬದುಕಿನ ಶರತ್ಕಾಲಕ್ಕೆ ಕಾಲಿಡುತ್ತಿದ್ದಾರೆ, ಎಲೆಗಳು ಹೊನ್ನಾಗುವ ಕಾಲ ಇದು" ಎಂದು ಮುಗಿಸಿದೆ. ಚಪ್ಪಾಳೆ ಬಿತ್ತು. ಅಪ್ಪನೂ ತಟ್ಟಿದರು.

ರಾತ್ರಿ ಊಟವಾದ ಮೇಲೆ ಅವರು ಅಂಗಿಯ ಜೇಬಿನಿಂದ ಪೆನ್ನು ತೆಗೆದು ಮೇಜಿನ ಮೇಲಿಟ್ಟರು. ದಿನಾ ಮಾಡುತ್ತಿದ್ದ ಕೆಲಸವೇ. ಬೆಳಿಗ್ಗೆ ಎದ್ದರೆ ಅದು ಮತ್ತೆ ಅದೇ ಜೇಬಿಗೆ ಹೋಗುತ್ತಿತ್ತು. ಅವತ್ತು ಇಟ್ಟವರು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ನಿಂತರು. ಆಮೇಲೆ ನನ್ನ ಕಡೆ ತಿರುಗಿ, "ಅಲ್ಲ ಕಣೇ, ಶರತ್ಕಾಲ ಅಂದ್ಯಲ್ಲ, ಅಂದ್ರೆ ಇನ್ನು ಉಳಿದಿರೋದು ಚಳಿಗಾಲ ಒಂದೇ ಅಂತಾಯ್ತಲ್ವಾ?" ಎಂದರು. ದನಿಯಲ್ಲಿ ಆಕ್ಷೇಪ ಇರಲಿಲ್ಲ. ಕೂಡಿಸಿದ ಮೊತ್ತ ಸರಿಯಿದೆಯೇ ನೋಡು ಎಂದು ಪಕ್ಕದ ಮೇಜಿನವರನ್ನು ಕೇಳುವ ಹಾಗೆ ಕೇಳಿದರು. ನಾನು ಏನೋ ಒಂದು ಹೇಳಿ ಜಾರಿಕೊಂಡೆ. ಅವರು ದೀಪ ಆರಿಸಿ ಮಲಗಲು ಹೋದರು. ಕತ್ತಲಲ್ಲಿ ಆ ಪೆನ್ನಿನ ಮುಂದೆ ನಾನು ಬಹಳ ಹೊತ್ತು ಕೂತಿದ್ದೆ.

ಅವತ್ತು ಕೊಡಬೇಕಿದ್ದ ಉತ್ತರವನ್ನು ಹುಡುಕುತ್ತಾ ಇಷ್ಟು ವರ್ಷ ಕಳೆದಿದ್ದೇನೆ. ಅಪ್ಪ ಹೋಗಿ ಮೂರು ವರ್ಷವಾಯಿತು. ಆದರೂ ಹುಡುಕುವುದು ನಿಂತಿಲ್ಲ.

ಇಪ್ಪತ್ತು ಇಪ್ಪತ್ತರ ಲೆಕ್ಕ

ಅಪ್ಪ ಕೂಡಿಸಿದ್ದು ಸರಿಯಾಗಿಯೇ ಇತ್ತು. ಬದುಕನ್ನು ಋತುಗಳ ಪಕ್ಕದಲ್ಲಿಟ್ಟು ನೋಡುವ ರೂಢಿ ಬಹಳ ಹಳೆಯದು. ಪ್ರಾಚೀನ ಗ್ರೀಸಿನ ಪೈಥಾಗೊರಸನ ಹೆಸರಿನಲ್ಲಿ ಒಂದು ವಿಂಗಡಣೆ ಉಳಿದು ಬಂದಿದೆ: ಇಪ್ಪತ್ತು ವರ್ಷ ಹುಡುಗ, ಇಪ್ಪತ್ತು ವರ್ಷ ತರುಣ, ಇಪ್ಪತ್ತು ವರ್ಷ ಪ್ರೌಢ, ಇಪ್ಪತ್ತು ವರ್ಷ ಮುದುಕ. ಒಂದೊಂದು ಇಪ್ಪತ್ತಕ್ಕೂ ಒಂದೊಂದು ಋತು. ಆ ಲೆಕ್ಕದಲ್ಲಿ 60 ತುಂಬಿದವರು ಶರತ್ತನ್ನೂ ಮುಗಿಸಿ ಚಳಿಗಾಲದ ಹೊಸ್ತಿಲು ತುಳಿದಾಗಿದೆ. ನಾನು ವೇದಿಕೆಯ ಮೇಲೆ ಹೊನ್ನು ಹೊನ್ನು ಅನ್ನುತ್ತಿದ್ದಾಗ ಅಪ್ಪ ಮನಸ್ಸಿನಲ್ಲೇ ಕಳೆದು ನೋಡಿದ್ದರು. ಹೋಲಿಕೆ ಕೊಡುವವರಿಗೆ ಎಲೆಯ ಬಣ್ಣ ಕಾಣುತ್ತದೆ. ಹೋಲಿಸಿಕೊಂಡವರಿಗೆ ಉಳಿದದ್ದೆಷ್ಟು ಎಂಬುದು ಕಾಣುತ್ತದೆ. ಈ ವ್ಯತ್ಯಾಸ ಗೊತ್ತಾಗಲು ನನಗೆ ನಲವತ್ತು ದಾಟಬೇಕಾಯಿತು. ಈಗ ಯಾರಾದರೂ ನನ್ನ ವಯಸ್ಸಿಗೆ ಚೆಂದದ ಹೆಸರೊಂದನ್ನು ಕೊಟ್ಟರೆ ನಾನೂ ಮೊದಲು ಕಳೆಯುವ ಲೆಕ್ಕಕ್ಕೇ ಕೈ ಹಾಕುತ್ತೇನೆ.

ನಾಲ್ಕು ಇಪ್ಪತ್ತು ಸೇರಿದರೆ ಎಂಬತ್ತು. ಆದರೆ 1950ರ ಹೊತ್ತಿಗೆ ಜಗತ್ತಿನ ಸರಾಸರಿ ಆಯಸ್ಸು ಸುಮಾರು 46 ವರ್ಷವಷ್ಟೇ. 2019ಕ್ಕೆ ಅದು ಸುಮಾರು 73ಕ್ಕೆ ಬಂದಿತ್ತು. ಈ ಏರಿಕೆ ಎಂದರೆ ಮುದುಕರ ಚಳಿಗಾಲ ಉದ್ದವಾದದ್ದು ಎಂದೇ ನಾನು ತಿಳಿದಿದ್ದೆ. ನಿಜಕ್ಕೂ ಅದರಲ್ಲಿ ದೊಡ್ಡ ಪಾಲು ಹುಟ್ಟಿದ ಮಕ್ಕಳು ಸಾಯದೆ ಉಳಿದದ್ದರಿಂದ ಬಂದದ್ದು. ಹಿಂದೆ ಎಷ್ಟೋ ಜೀವಗಳಿಗೆ ವಸಂತವೇ ಪೂರ್ತಿ ಸಿಗುತ್ತಿರಲಿಲ್ಲ. ನಾಲ್ಕು ಸಮ ಭಾಗದ ಬದುಕು ಯಾವ ಕಾಲದಲ್ಲೂ ಎಲ್ಲರ ಪಾಲಿಗೆ ಬಂದದ್ದಲ್ಲ.

ಋತುಗಳಾದರೂ ಎಲ್ಲ ಕಡೆ ನಾಲ್ಕಿವೆಯೇ? ಭೂಮಧ್ಯರೇಖೆಯ ಹತ್ತಿರದ ಎಷ್ಟೋ ನಾಡುಗಳಲ್ಲಿ ಮಳೆಗಾಲ, ಒಣಗಾಲ ಎರಡೇ. ನಮ್ಮ ಮಾತಿನಲ್ಲಿ ಆರು. ಭೂಮಿಯ ಉತ್ತರಾರ್ಧದಲ್ಲಿ ಚಿಗುರುವ ದಿನವೇ ದಕ್ಷಿಣಾರ್ಧದಲ್ಲಿ ಉದುರುತ್ತದೆ. ಇದಕ್ಕೆಲ್ಲ ಕಾರಣ ಭೂಮಿ ತನ್ನ ಅಕ್ಷದಲ್ಲಿ ಸುಮಾರು 23.4 ಡಿಗ್ರಿ ವಾಲಿಕೊಂಡಿರುವುದು ಎಂದು ಶಾಲೆಯಲ್ಲೇ ಓದಿರುತ್ತೇವೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಜೊತೆಗಿರುವ ಇನ್ನೊಂದು ಸಂಗತಿ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದ ಆಸುಪಾಸಿನಲ್ಲಿ, ಸುಮಾರು 14 ಕೋಟಿ 70 ಲಕ್ಷ ಕಿಲೋಮೀಟರ್ ದೂರಕ್ಕೆ. ಉತ್ತರದವರು ಗಡಗಡ ನಡುಗುವ ದಿನಗಳು ಅವು. ಬೇಸಿಗೆಯ ಜುಲೈಯಲ್ಲಿ ಸೂರ್ಯ ಸುಮಾರು 50 ಲಕ್ಷ ಕಿಲೋಮೀಟರ್ ಇನ್ನೂ ಆಚೆ ಇರುತ್ತಾನೆ. ಹತ್ತಿರವೇ ಇದ್ದರೂ ಮುಖ ಆಚೆ ತಿರುಗಿದ್ದರೆ ಚಳಿ. ಇದನ್ನು ಓದಿದಾಗ ಅಪ್ಪನ ನಿವೃತ್ತಿಯ ಮೊದಲ ವರ್ಷ ಕಣ್ಣ ಮುಂದೆ ಬಂತು. ಮನೆ ತುಂಬ ಜನ, ಎಲ್ಲರೂ ಅವರ ಹತ್ತಿರವೇ. ಅವರು ಮಾತ್ರ ದಿನವಿಡೀ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು.

ಶರತ್ತು ಎಂದರೆ ಏನು

ಇನ್ನೊಂದು ತಪ್ಪೂ ಮಾಡಿದ್ದೆ, ಅದು ತಿಳಿದದ್ದು ಬಹಳ ತಡವಾಗಿ. 'ಶರತ್ಕಾಲ' ಎಂಬ ಪದವನ್ನು ನಾನು ಎಲೆ ಹೊನ್ನಾಗಿ ಉದುರುವ ಕಾಲ ಎಂಬ ಅರ್ಥದಲ್ಲಿ ಬಳಸಿದ್ದೆ. ಆ ಚಿತ್ರ ಬೇರೆ ಹವೆಯ ನಾಡುಗಳಿಂದ, ಕ್ಯಾಲೆಂಡರಿನ ಬಣ್ಣದ ಪುಟಗಳಿಂದ ನನ್ನೊಳಗೆ ಬಂದು ಕೂತದ್ದು. ನಮ್ಮ ಆರು ಋತುಗಳ ಸಾಲಿನಲ್ಲಿ ಶರತ್ತು ಬರುವುದು ಮಳೆಯ ಬೆನ್ನಿಗೆ. ಮೋಡ ಹರಿದ ಆಕಾಶ, ಕೆಸರು ತಳಕ್ಕೆ ಕೂತು ತಿಳಿಯಾದ ಹೊಳೆ, ವರ್ಷದಲ್ಲೇ ಅತಿ ಬೆಳ್ಳಗಿನ ಬೆಳದಿಂಗಳು. ಹಳಗಾಲದ ಕವಿಗಳು ರಾಜರನ್ನು ದಂಡಯಾತ್ರೆಗೆ ಹೊರಡಿಸುತ್ತಿದ್ದದ್ದು ಶರತ್ತಿನಲ್ಲಿ; ರಸ್ತೆ ಒಣಗಿತು, ನದಿ ದಾಟಬಹುದು, ಇನ್ನು ಹೊರಡೋಣ ಎಂಬ ಕಾಲ ಅದು. ಎಲೆ ಉದುರುವುದು ಶಿಶಿರದಲ್ಲಿ, ಅದಕ್ಕೂ ಎರಡು ತಿಂಗಳ ಹೇಮಂತ ಕಳೆದ ಮೇಲೆ. ನಾನು ವೇದಿಕೆಯಲ್ಲಿ ಹೇಳಿದ ಪದ ಸರಿಯಾಗಿತ್ತು, ಅದರೊಳಗೆ ನಾನಿಟ್ಟ ಅರ್ಥ ತಪ್ಪಾಗಿತ್ತು. ಮಳೆ ನಿಂತಿದೆ ಅಪ್ಪ, ಈಗ ಹೊರಡಬಹುದು ಎಂದು ಹೇಳಬಹುದಾಗಿದ್ದ ಜಾಗದಲ್ಲಿ ನಿಮ್ಮ ಎಲೆ ಉದುರುತ್ತಿದೆ ಎಂದು ಹೇಳಿಬಂದಿದ್ದೆ.

ಕನ್ನಡದಲ್ಲಿ ವಯಸ್ಸಿಗಿರುವ ಮಾತುಗಳನ್ನು ಆಮೇಲೆ ಒಂದೊಂದಾಗಿ ಕಿವಿಗೊಟ್ಟು ಕೇಳತೊಡಗಿದೆ. ವರ್ಷ ಎಂದರೆ ಮಳೆಯೂ ಹೌದು, ಸಂವತ್ಸರವೂ ಹೌದು. ನಮ್ಮ ವಯಸ್ಸನ್ನು ನಾವು ಹೇಳುವುದೇ ಮಳೆಯ ಲೆಕ್ಕದಲ್ಲಿ. ಸುಗ್ಗಿ ಎಂದರೆ ಹಳೆಯ ಕನ್ನಡದಲ್ಲಿ ವಸಂತ; ಕೊಯ್ಲಿಗೂ ಅದೇ ಪದ. ಹೂವು ಬಿಡುವುದನ್ನೂ ಕಾಳು ಕೊಯ್ಯುವುದನ್ನೂ ಒಂದೇ ಪದದಲ್ಲಿಟ್ಟ ಭಾಷೆಗೆ ಬಾಲ್ಯ ಒಂದು ತುದಿ, ಫಲ ಇನ್ನೊಂದು ತುದಿ ಎಂಬ ಗೆರೆ ಬೇಕಾಗಿರಲಿಲ್ಲ. ಇನ್ನು, ತೀರಾ ವಯಸ್ಸಾದವರನ್ನು ನಾವು ಕರೆಯುವುದು ಹಣ್ಣು ಹಣ್ಣು ಮುದುಕ ಎಂದು. ಹಳದಿಯಾದ ಎಲೆಯೂ ನಮಗೆ ಹಣ್ಣೆಲೆ. ಒಣಗಿದ್ದು, ಬಾಡಿದ್ದು ಎನ್ನುವ ಮೊದಲು ಹಣ್ಣಾದದ್ದು ಎನ್ನುತ್ತೇವೆ. ದುಡಿದು ಸೋತವರೂ ಹಣ್ಣಾದೆ ಎಂದೇ ಹೇಳುತ್ತಾರೆ, ಅದೂ ನಿಜ. ಎರಡನ್ನೂ ಆ ಒಂದು ಪದ ಹೊತ್ತುಕೊಂಡಿದೆ. ಮಾಗಿ ಎಂಬ ಚಳಿಗಾಲದ ಹೆಸರು ಮಾಘದಿಂದ ಬಂದದ್ದು, ಮಾಗುವುದು ಎಂಬ ಕ್ರಿಯಾಪದದ ಬೇರು ಬೇರೆಯದು. ನನಗದು ಗೊತ್ತು. ಆದರೂ ಮಾಗಿಯ ಚಳಿ ಎಂದಾಗಲೆಲ್ಲ ನನ್ನ ಕಿವಿ ಅದರಲ್ಲಿ ಮಾಗುವುದನ್ನೇ ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಳ್ಳಲಿ ಎಂದು ಬಿಟ್ಟುಬಿಟ್ಟಿದ್ದೇನೆ.

ಕಿರ್ದಿ ಪುಸ್ತಕ

ನಿವೃತ್ತಿಯ ಎರಡನೆಯ ವರ್ಷ ಒಂದು ದಿನ ಅಪ್ಪ ಅಟ್ಟದಿಂದ ಒಂದು ಖಾಲಿ ಕಿರ್ದಿ ಪುಸ್ತಕ ಇಳಿಸಿದರು. ಉದ್ದನೆಯದು, ಕೆಂಪು ಬಟ್ಟೆಯ ಬೆನ್ನಿನದು. ಸ್ಕೇಲು ಹಿಡಿದು ಮೂರು ಕಾಲಮ್ಮು ಗೆರೆ ಎಳೆದರು: ತಾರೀಕು, ವಿವರ, ಷರಾ. ಅವರ ಕೋಣೆಯ ಕಿಟಕಿಯಾಚೆ ಒಂದು ಮರವಿದೆ, ಚಳಿ ಬಂದರೆ ಪೂರ್ತಿ ಬೋಳಾಗಿ ಆಮೇಲೆ ಚಿಗುರುವ ಜಾತಿಯದು. ಆ ಮರದ ಲೆಕ್ಕ ಬರೆಯಲು ಶುರುಮಾಡಿದರು. "ಕೆಳಗಿನ ಕೊಂಬೆಯಲ್ಲಿ ಹಳದಿ ಎಲೆ ಏಳು." "ಗಾಳಿ ಇಲ್ಲ. ಆದರೂ ಬೆಳಿಗ್ಗೆ ಹದಿನಾರು ಬಿದ್ದಿವೆ." "ತುದಿಯಲ್ಲಿ ಕೆಂಪಗೆ ಏನೋ ಕಾಣುತ್ತಿದೆ. ಷರಾ: ಕನ್ನಡಕ ಬದಲಿಸಿ ನೋಡುವುದು." ಯಾರೂ ಕೇಳಿರಲಿಲ್ಲ, ಯಾರಿಗೂ ಒಪ್ಪಿಸಬೇಕಾಗಿರಲಿಲ್ಲ. ಗೋಡೆಯ ಕಡೆಗಿದ್ದ ಮುಖ ಹೀಗೆ ಕಿಟಕಿಯ ಕಡೆ ತಿರುಗಿತು.

ಎಷ್ಟೋ ವರ್ಷದ ಮೇಲೆ ನಾನು ಅವರಿಗೆ ರಾಬರ್ಟ್ ಮಾರ್ಶಮ್‌ನ ವಿಷಯ ಹೇಳಿದೆ. ಇಂಗ್ಲೆಂಡಿನ ನಾರ್ಫೋಕ್‌ನಲ್ಲಿದ್ದ ಆತ 1736ರಲ್ಲಿ ವಸಂತದ ಗುರುತುಗಳನ್ನು ಬರೆದಿಡಲು ತೊಡಗಿದ: ಮೊದಲ ಹೂವು, ಮರಕ್ಕೆ ಬಂದ ಮೊದಲ ಎಲೆ, ಮೊದಲು ಕೂಗಿದ ಕಪ್ಪೆ, ಹೀಗೆ 27 ಬಗೆಯ ಗುರುತುಗಳು. 1797ರಲ್ಲಿ ಆತ ಸತ್ತ ಮೇಲೂ ಮನೆತನದವರು 1958ರವರೆಗೆ ಅದನ್ನು ಮುಂದುವರಿಸಿದರು. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವು ಅರಳಿದ ದಿನದ ದಾಖಲೆ ಒಂಬತ್ತನೆಯ ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ; 2021ರಲ್ಲಿ ಮಾರ್ಚ್ 26ಕ್ಕೇ ಪೂರ್ತಿ ಅರಳಿ, ಹನ್ನೆರಡು ನೂರು ವರ್ಷದ ಲೆಕ್ಕದಲ್ಲೇ ಅತಿ ಬೇಗನೆಯದು ಎನಿಸಿಕೊಂಡಿತು. ಋತುಗಳೇ ಜಾಗ ಬಿಟ್ಟು ಸರಿಯುತ್ತಿವೆ ಎಂಬುದು ಹೀಗೆ ತಾರೀಕು ಹಾಕಿ ಬರೆದಿಟ್ಟವರಿಂದ ನಮಗೆ ತಿಳಿದದ್ದು. ಅಪ್ಪ ಎಲ್ಲ ಕೇಳಿಸಿಕೊಂಡು, ಮಾರ್ಶಮ್‌ನ ವಿಷಯಕ್ಕೇ ವಾಪಸು ಹೋಗಿ, "ಅವನು ಹೋದ ಮಾರನೇ ವರ್ಷ ಮೊದಲು ಬರೆದೋರು ಯಾರು?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪುಸ್ತಕದ ಆರನೆಯ ವರ್ಷದಲ್ಲಿ ಒಂದು ರಾತ್ರಿ ಬಿರುಗಾಳಿಗೆ ಮರದ ಒಂದು ಕೊಂಬೆ ಮುರಿಯಿತು. ಕೆಳಗೆ ಬೀಳಲಿಲ್ಲ, ತೊಗಟೆಯ ಒಂದು ಪಟ್ಟಿಗೆ ಜೋತುಕೊಂಡು ಹಾಗೇ ಉಳಿಯಿತು. ವಾರದೊಳಗೆ ಅದರ ಎಲೆಗಳೆಲ್ಲ ಕಂದಿ ಮುರುಟಿದವು. ತಿಂಗಳುಗಳು ಕಳೆದು ಚಳಿ ಬಂತು. ನಾನು ಹೋದಾಗ ಮರ ಪೂರ್ತಿ ಬೋಳಾಗಿತ್ತು, ಆ ಒಂದು ಕೊಂಬೆಯನ್ನು ಬಿಟ್ಟು. ಅದರ ಕಂದು ಎಲೆಗಳು ಒಂದೂ ಉದುರದೆ ಗಾಳಿಗೆ ಕಾಗದದ ಹಾಗೆ ಸದ್ದು ಮಾಡುತ್ತಿದ್ದವು. "ನೋಡಿ ಅಪ್ಪ, ಅದಕ್ಕೆಷ್ಟು ಹಟ, ಒಂದೆಲೆಯನ್ನೂ ಬಿಟ್ಟುಕೊಟ್ಟಿಲ್ಲ" ಎಂದೆ. ಅಪ್ಪ ಪುಸ್ತಕ ತಿರುವಿ ಷರಾ ಕಾಲಮ್ಮಿಗೆ ಬೆರಳಿಟ್ಟು ತೋರಿಸಿದರು. ಮೂರು ವಾರದ ಹಿಂದೆಯೇ ಬರೆದಿದ್ದರು: "ಸತ್ತ ಕೊಂಬೆಗೆ ಎಲೆ ಬಿಡಲು ಬರುತ್ತಿಲ್ಲ." ಆಮೇಲೆ ನನ್ನ ಕಡೆ ನೋಡಿ, "ಹಟ ಎಲ್ಲಿ ಬಂತು? ಬಿಡೋದಕ್ಕೂ ಜೀವ ಬೇಕು ಕಣೇ" ಎಂದರು.

ಅವರು ಕಣ್ಣಿನಿಂದ ಕಂಡದ್ದು ಸಸ್ಯಶಾಸ್ತ್ರದ ಮಾತೂ ಹೌದು ಎಂದು ನಾನು ಓದಿ ತಿಳಿದೆ. ಎಲೆಯನ್ನು ಚಳಿ ಕೀಳುವುದಿಲ್ಲ, ಗಾಳಿಯೂ ಕೀಳುವುದಿಲ್ಲ, ಅವು ನೆಪ. ತೊಟ್ಟಿನ ಬುಡದಲ್ಲಿ ಮರವೇ ಒಂದು ತೆಳು ಪದರವನ್ನು ಸಿದ್ಧಮಾಡಿ, ಅಲ್ಲಿನ ಕೋಶಗಳ ಬೆಸುಗೆಯನ್ನು ತಾನೇ ಸಡಿಲಿಸುತ್ತದೆ. ಅದಕ್ಕೂ ಮೊದಲು ಎಲೆಯ ಹಸಿರನ್ನು ಒಡೆದು, ಅದರಲ್ಲಿದ್ದ ಸಾರಜನಕದ ಅರ್ಧದಷ್ಟನ್ನು ಕೊಂಬೆಗೆ, ಬೇರಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರು ಹೋದ ಮೇಲೆ ಕಾಣುವ ಹಳದಿ ಹೊಸದಾಗಿ ಬಂದದ್ದಲ್ಲ, ಎಲೆ ಹಸಿರಾಗಿದ್ದಾಗಲೂ ಅಡಿಯಲ್ಲಿ ಇದ್ದದ್ದೇ. ಇದೆಲ್ಲ ಜೀವಂತ ಕೊಂಬೆ ಮಾಡುವ ಕೆಲಸ. ಮುರಿದು ಸತ್ತ ಕೊಂಬೆಗೆ ಆ ಪದರವನ್ನು ಕಟ್ಟುವ ಶಕ್ತಿ ಇಲ್ಲ, ಹಾಗಾಗಿ ಅದರ ಎಲೆ ಅದರಲ್ಲೇ ಉಳಿಯುತ್ತದೆ. ಇದನ್ನು ಅಪ್ಪನಿಗೆ ಓದಿ ಹೇಳಿದಾಗ ಅವರ ಮುಖ ಅರಳಿತು. "ಅಂದ್ರೆ ಶಿಲ್ಕು ಮುಂದಕ್ಕೆ ತಗೊಂಡೇ ಪುಟ ಮುಗಿಸುತ್ತೆ ಅನ್ನು" ಎಂದರು. ಮರುದಿನ ಬೆಳಿಗ್ಗೆ ಒಂದು ಕಡ್ಡಿ ಮುರಿದುಕೊಂಡು ಬಂದು ನನ್ನ ಕೈಗೆ ಭೂತಗನ್ನಡಿ ಕೊಟ್ಟರು. ಎಲೆ ಉದುರಿದ ಜಾಗದಲ್ಲೆಲ್ಲ ಅರ್ಧಚಂದ್ರದ ಆಕಾರದ ಒಂದು ಕಲೆ, ಕಲೆಯೊಳಗೆ ಸಾಲಾಗಿ ಸಣ್ಣ ಚುಕ್ಕೆಗಳು. ಎಲೆಗೆ ನೀರು ಹೋಗುತ್ತಿದ್ದ ನಾಳಗಳು ಮುಚ್ಚಿಕೊಂಡ ಗುರುತು ಅವು. ಪ್ರತಿ ಕಲೆಯ ತಲೆಯ ಮೇಲೂ ಅಕ್ಕಿಕಾಳಿಗಿಂತ ಸಣ್ಣದಾದ, ಪೊರೆ ಪೊರೆಯಾಗಿ ಮುಚ್ಚಿಕೊಂಡ ಒಂದು ಮೊಗ್ಗು. ಅದು ಎಲೆ ಬಿದ್ದ ಮೇಲೆ ಬಂದದ್ದಲ್ಲ. ಎಲೆ ಹಸಿರಾಗಿ ನಳನಳಿಸುತ್ತಿದ್ದಾಗಲೇ ಅದರ ಕಂಕುಳಲ್ಲಿ ಕೂತಿತ್ತು.

ಕೊನೆಯ ವರ್ಷಗಳಲ್ಲಿ ಅಪ್ಪ ಒಂದೊಂದನ್ನೇ ಬಿಟ್ಟರು. 70ಕ್ಕೆ ಗಾಡಿ ಓಡಿಸುವುದನ್ನು, ಯಾರೂ ಹೇಳುವ ಮೊದಲೇ. 73ಕ್ಕೆ ಬ್ಯಾಂಕಿನ ವ್ಯವಹಾರವನ್ನು. ಅದಕ್ಕೂ ಮುನ್ನ ಎರಡು ತಿಂಗಳು ಪ್ರತಿ ಭಾನುವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ಹೇಳಿಕೊಟ್ಟರು. ಹಳೆಯ ಜಗಳವೊಂದಿತ್ತು, ಅದನ್ನೂ ಒಂದು ಸಂಜೆ ಫೋನು ಮಾಡಿ ಮುಗಿಸಿದರು. ನಾನಾಗ ಇದನ್ನೆಲ್ಲ ಕುಗ್ಗುವಿಕೆ ಎಂದು ಕಂಡು ಒಳಗೊಳಗೇ ಅತ್ತಿದ್ದೇನೆ. ಕಣ್ಣೆದುರೇ ಇದ್ದ ಆ ಕಂದು ಎಲೆಯ ಕೊಂಬೆಯನ್ನು ನೋಡಿದ್ದೂ, ಅಪ್ಪ ಬಿಡುತ್ತಿದ್ದದ್ದು ಜೀವಂತ ಕೊಂಬೆಯ ಕೆಲಸ ಎಂದು ಹೊಳೆಯಲಿಲ್ಲ. ಹಾಗೆ ನೋಡಿದರೆ ಏನನ್ನೂ ಬಿಡಲಾರದೆ ಹಿಡಿದು ನಿಂತಿದ್ದವಳು ನಾನು.

ಬೆಳಕು ಮೊದಲು, ಸೆಕೆ ಆಮೇಲೆ

ಈಗ ನನಗೆ ನಲವತ್ತೇಳು. ಪೈಥಾಗೊರಸನ ಲೆಕ್ಕದಲ್ಲಿ ಶರತ್ತು. ನನ್ನ ಒಳಗಿನ ಹವೆ ಮಾತ್ರ ಕಡು ಬೇಸಿಗೆಯದು: ಕೆಲಸ, ಬೆಳೆಯುತ್ತಿರುವ ಮಗ, ವಯಸ್ಸಾದ ಅಮ್ಮ, ಎಲ್ಲದರ ಕಾವೂ ಒಟ್ಟಿಗೆ ಏರಿದೆ. ಇದಕ್ಕೂ ಋತುಗಳಲ್ಲೇ ಒಂದು ವಿವರಣೆ ಸಿಕ್ಕಿತು. ಉತ್ತರಾರ್ಧದಲ್ಲಿ ಅತಿ ಉದ್ದದ ಹಗಲು ಜೂನ್ 21ರ ಹೊತ್ತಿಗೆ ಬಂದುಹೋಗುತ್ತದೆ. ಆದರೆ ಭೂಮಧ್ಯರೇಖೆಯಿಂದ ದೂರದ ನಾಡುಗಳಲ್ಲಿ ಅತಿ ಬಿಸಿಯ ದಿನಗಳು ಜುಲೈ, ಆಗಸ್ಟಿನಲ್ಲಿ ಬರುತ್ತವೆ. ನೆಲ, ಕಡಲು ಕಾಯುವುದಕ್ಕೆ ಸಮಯ ಬೇಕು. ಹಗಲು ಕುಗ್ಗತೊಡಗಿ ವಾರಗಳಾದ ಮೇಲೆ ಸೆಕೆ ತುತ್ತತುದಿ ಮುಟ್ಟುತ್ತದೆ. ಹಾಗೆಯೇ ಅತಿ ಕೊರೆಯುವ ಚಳಿ ಬರುವುದು ಡಿಸೆಂಬರಿನ ಅತಿ ಸಣ್ಣ ಹಗಲು ಮುಗಿದು, ಬೆಳಕು ಮತ್ತೆ ದಿನಕ್ಕಿಷ್ಟು ಬೆಳೆಯುತ್ತಿರುವಾಗ. ನಡುವಯಸ್ಸು ಎಂದರೆ ನನಗೆ ಇದೇ. ಮೂಳೆ ತನ್ನ ಪೂರ್ತಿ ಗಟ್ಟಿತನ ಮುಟ್ಟುವುದು ಮೂವತ್ತರ ಆಸುಪಾಸಿನಲ್ಲಿ, ಆ ಹಗಲು ಯಾವತ್ತೋ ಕುಗ್ಗಲು ಹಿಡಿದಿದೆ. ನಾನು ಮಾತ್ರ ಈಗ ಕುದಿಯುತ್ತಿದ್ದೇನೆ. ಎರಡೂ ನಿಜ, ಎರಡೂ ಒಂದೇ ಮೈಯಲ್ಲಿ.

ಮೈಯೊಳಗೆ ಇಳಿದು ನೋಡಿದರಂತೂ ಯಾವ ಸಾಲೂ ಉಳಿಯುವುದಿಲ್ಲ. ಹೆಣ್ಣು ಕೂಸು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿರುವಾಗ ಅದರ ಅಂಡಾಶಯಗಳಲ್ಲಿ 60ರಿಂದ 70 ಲಕ್ಷ ಅಂಡಾಣು ಕೋಶಗಳಿರುತ್ತವೆ. ಹುಟ್ಟುವ ವೇಳೆಗೆ ಉಳಿಯುವುದು 10ರಿಂದ 20 ಲಕ್ಷ. ಮೊದಲ ಉಸಿರಿಗೂ ಮುನ್ನವೇ ಅಷ್ಟೊಂದು ಉದುರಿಹೋಗಿರುತ್ತದೆ. ಇತ್ತ ಕರುಳಿನ ಒಳಪದರ ಮುಪ್ಪಿನಲ್ಲೂ ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಚಿಗುರುತ್ತಿರುತ್ತದೆ. ಬುದ್ಧಿಯೂ ಹಾಗೇ. 2015ರಲ್ಲಿ ಜೋಶುವಾ ಹಾರ್ಟ್‌ಶೋರ್ನ್ ಮತ್ತು ಲಾರಾ ಜರ್ಮಿನ್ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆ ಬೇರೆ ಶಕ್ತಿಗಳು ಬೇರೆ ಬೇರೆ ವಯಸ್ಸಿನಲ್ಲಿ ಶಿಖರ ಮುಟ್ಟುವುದು ಕಂಡಿತು: ಚುರುಕು ಹದಿನೆಂಟು ಹತ್ತೊಂಬತ್ತಕ್ಕೆ, ಪದಸಂಪತ್ತು ಅರವತ್ತರ ಆಚೆಗೆ. ಅಪ್ಪ ಷರಾ ಕಾಲಮ್ಮಿನಲ್ಲಿ ತಮ್ಮ ಜೀವಮಾನದ ಅತಿ ಒಳ್ಳೆಯ ವಾಕ್ಯಗಳನ್ನು ಬರೆದದ್ದೂ ಅರವತ್ತರ ಮೇಲೆಯೇ. ಮನುಷ್ಯರನ್ನು ಒಂದೇ ಋತುವಿನಲ್ಲಿ ನಿಲ್ಲಿಸಿ ಇವರು ಇಲ್ಲಿದ್ದಾರೆ ಎಂದು ಬೆರಳು ತೋರಿಸುವುದು ನನಗೀಗ ಒಗ್ಗುವುದಿಲ್ಲ. ಅವರೇ ತಮ್ಮ ಬಾಯಲ್ಲಿ ಹೇಳಿಕೊಂಡರೆ ಅದರ ಮಾತು ಬೇರೆ.

ಚಳಿ ಬಂದ ಹೊತ್ತು

ನನ್ನ ಬದುಕಿನ ಅತಿ ದೊಡ್ಡ ಚಳಿಗಾಲ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಬಂದಿತ್ತು. ಒಂದು ವರ್ಷ ಕೋಣೆ ಬಿಟ್ಟು ಹೊರಗೆ ಬಂದದ್ದು ಕಮ್ಮಿ. ಅದರ ಕಾರಣಗಳನ್ನು ಇಲ್ಲಿ ಬಿಡಿಸುವುದಿಲ್ಲ. ಎದ್ದು ಬಂದ ಮೇಲೆ ಎಲ್ಲರೂ ಹೇಳಿದರು, ಕಷ್ಟ ನಿನ್ನನ್ನು ಗಟ್ಟಿ ಮಾಡಿದೆ ಎಂದು. ಆ ಮಾತನ್ನು ಬಹಳ ದಿನ ನಂಬಿದ್ದೆ. ಗಿಡಗಳಲ್ಲಿ ಅದಕ್ಕೆ ಆಧಾರವೂ ಇದೆ: ಚಳಿಗಾಲದ ಗೋಧಿ ಕೆಲವು ವಾರ ಚಳಿಯಲ್ಲಿ ಕಳೆಯದೆ ಸರಿಯಾಗಿ ತೆನೆ ಬಿಡುವುದಿಲ್ಲ, ಸೇಬಿನ ಮೊಗ್ಗಿಗೆ ನೂರಾರು ತಾಸುಗಳ ತಂಪು ಬೇಕು, ಇಲ್ಲದಿದ್ದರೆ ಅದರ ನಿದ್ದೆ ತಿಳಿಯುವುದೇ ಇಲ್ಲ.

ಆದರೆ ಅದೇ ಸೇಬಿನ ಮರದ ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ. ಮೊಗ್ಗು ಗಾಢ ನಿದ್ದೆಯಲ್ಲಿರುವಾಗ ಆ ಮರ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯನ್ನೂ ತಡೆದುಕೊಳ್ಳುತ್ತದೆ. ಹೂವು ಅರಳಿ ನಿಂತ ಮೇಲೆ ಸೊನ್ನೆಗಿಂತ ಮೂರು ನಾಲ್ಕು ಡಿಗ್ರಿ ಕೆಳಗಿಳಿದರೆ ಸಾಕು, ಒಂದೇ ರಾತ್ರಿಯಲ್ಲಿ ಹೂವೆಲ್ಲ ಕರಟಿ ಆ ವರ್ಷದ ಫಸಲೇ ಹೋಗುತ್ತದೆ. ನನ್ನ ಗೆಳತಿಯೊಬ್ಬಳು ಎಂಟನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡಳು. ಐವತ್ತು ಸಮೀಪಿಸುತ್ತಿರುವ ಈಗಲೂ ಸಂಜೆ ಬಾಗಿಲ ಸದ್ದಾದರೆ ಅವಳ ಮಾತು ಅರ್ಧಕ್ಕೆ ನಿಲ್ಲುತ್ತದೆ. ಆ ನಷ್ಟ ಅವಳನ್ನು ಗಟ್ಟಿ ಮಾಡಿತು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಾನು ಎದ್ದು ಬಂದದ್ದು ನನ್ನ ಗಟ್ಟಿತನದಿಂದ ಎನ್ನಲೂ ಈಗ ಆಗುವುದಿಲ್ಲ. ನನ್ನ ಮೊಗ್ಗು ಆಗಿನ್ನೂ ತೆರೆದಿರಲಿಲ್ಲ. ಜೊತೆಗೆ, ಆ ವರ್ಷ ಪೂರ್ತಿ ಪ್ರತಿ ರಾತ್ರಿ ಕಚೇರಿಯಿಂದ ಬಂದ ಅಪ್ಪ ನನ್ನ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಏನೂ ಮಾತಾಡದೆ ಒಂದು ತಾಸು ಕೂರುತ್ತಿದ್ದರು.

ಖಾಲಿ ಸಾಲುಗಳು

ಅಪ್ಪ ತೀರಿಕೊಂಡಾಗ ಬಂದವರಲ್ಲಿ ಕೆಲವರು ಋತುಚಕ್ರದ ಮಾತಾಡಿದರು. ಹೋದದ್ದು ಮರಳುತ್ತದೆ, ಶಿಶಿರದ ಬೆನ್ನಿಗೆ ವಸಂತ ಇದ್ದೇ ಇದೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ಸಮಾಧಾನ ನನಗೆ ಹಿಡಿಸಲಿಲ್ಲ, ಈಗಲೂ ಹಿಡಿಸುವುದಿಲ್ಲ. ಮರಕ್ಕೆ ಎಲೆ ಮರಳುತ್ತದೆ, ಬಿದ್ದ ಎಲೆ ಮರಳುವುದಿಲ್ಲ. ಅವರು ಹೋಗಿ ಎರಡು ವಾರಕ್ಕೆ ಕಿಟಕಿಯಾಚೆಯ ಮರ ತುದಿಯಿಂದ ತುದಿಗೆ ಚಿಗುರಿತು. ನಾನು ಹೋಗಿ ಪರದೆ ಎಳೆದುಬಿಟ್ಟೆ. ಹೋಲಿಕೆ ಕೈಕೊಡುವ ಜಾಗ ಇದು, ಇಲ್ಲಿ ಅದನ್ನು ಎಳೆದು ಸರಿಮಾಡುವ ಮನಸ್ಸು ನನಗಿಲ್ಲ.

ಪರದೆ ಸರಿಸಿದ್ದು ಅಮ್ಮ. ಕಿರ್ದಿ ಪುಸ್ತಕವನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಹದಿನೈದು ವರ್ಷದ ಲೆಕ್ಕ. ಕೂತು ಮೊದಲಿನಿಂದ ಓದಿದೆ. ಎಲೆ, ಮೊಗ್ಗು, ಇಬ್ಬನಿ, ಗೂಡು, ಮುರಿದ ಕೊಂಬೆ, ಎಲ್ಲ ಇದೆ. ಒಂದು ಋತುವಿನ ಹೆಸರೂ ಇಲ್ಲ. ಎಲ್ಲೂ ವಸಂತ ಬಂತು ಎಂದಿಲ್ಲ, ಚಳಿಗಾಲ ಎಂದೂ ಇಲ್ಲ. ಆ ರಾತ್ರಿ ನನ್ನನ್ನು ಕೇಳಿದ ಪ್ರಶ್ನೆಗೆ ಅವರೇ ಒಂದು ಉತ್ತರ ಕಂಡುಕೊಂಡಿದ್ದರೋ, ಅಥವಾ ಆ ಪದಗಳನ್ನು ಮುಟ್ಟುವುದೇ ಬೇಡ ಎಂದುಕೊಂಡಿದ್ದರೋ. ಕೊನೆಯ ನಮೂದು ಆಸ್ಪತ್ರೆಗೆ ಸೇರುವ ಹಿಂದಿನ ದಿನದ್ದು. ವಿವರ: "ಮೇಲಿನ ಕೊಂಬೆಯ ಮೊಗ್ಗು ಇನ್ನೂ ಮುಚ್ಚಿದೆ." ಷರಾ: "ನಾಳೆ ನೋಡುವುದು."

ಮೂರು ವರ್ಷದಿಂದ ನಾನು ಬರೆಯುತ್ತಿದ್ದೇನೆ. ಅವರಷ್ಟು ನಿಯಮ ನನಗಿಲ್ಲ, ವಾರಗಟ್ಟಲೆ ತಪ್ಪುತ್ತದೆ. ಅವರದೇ ಪೆನ್ನು. ಅವರ ಕೊನೆಯ ಸಾಲಿಗೂ ನನ್ನ ಮೊದಲ ಸಾಲಿಗೂ ನಡುವೆ ನಾಲ್ಕು ಗೆರೆ ಖಾಲಿ ಬಿಟ್ಟಿದ್ದೇನೆ. ಲೆಕ್ಕದ ಪುಸ್ತಕದಲ್ಲಿ ಹಾಗೆ ಜಾಗ ಬಿಡಬಾರದು, ಬಿಟ್ಟರೆ ಅಡ್ಡಗೆರೆ ಎಳೆದು ಮುಚ್ಚಬೇಕು ಎಂದು ಅವರೇ ಆ ಭಾನುವಾರಗಳಲ್ಲಿ ಹೇಳಿಕೊಟ್ಟಿದ್ದರು. ಸ್ಕೇಲು ಪುಸ್ತಕದೊಳಗೇ ಇದೆ. ಗೆರೆ ಎಳೆಯಲು ಇನ್ನೂ ಕೈ ಬಂದಿಲ್ಲ.